ಹೂಟಗಳ್ಳಿಯ ಮೇಲೆ ಆಕಾಶದ ಕಲ್ಲು ಎಷ್ಟು ವರ್ಷಕ್ಕೊಮ್ಮೆ?

ಬಾಹ್ಯಾಕಾಶದ ವಸ್ತುಗಳು ಭೂಮಿಗೆ ಎಷ್ಟು ಸಲ ಬಂದು ಬಡಿಯುತ್ತವೆ ಎಂದು ಕೇಳಿದವರಿಗೆ ಮೊದಲು ಮರುಪ್ರಶ್ನೆ ಹಾಕಬೇಕಾಗುತ್ತದೆ: ಎಷ್ಟು ದೊಡ್ಡ ವಸ್ತು? ಧೂಳಿನ ಕಣವಾದರೆ ಪ್ರತಿ ಕ್ಷಣವೂ ಬೀಳುತ್ತಿದೆ. ಕಾರಿನಷ್ಟು ದೊಡ್ಡ ಬಂಡೆಯಾದರೆ ಸುಮಾರಾಗಿ ವರ್ಷಕ್ಕೊಂದು. ಒಂದು ಕಿಲೋಮೀಟರ್ ಅಗಲದ ಕ್ಷುದ್ರಗ್ರಹವಾದರೆ ಐದು ಲಕ್ಷ ವರ್ಷದ ಆಸುಪಾಸಿಗೊಂದು. ಭೂಮಿಯತ್ತ ಕ್ಷುದ್ರಗ್ರಹ ಧಾವಿಸುತ್ತಿದೆ ಎಂಬ ಸುದ್ದಿ ಟೀವಿಯಲ್ಲಿ ಬಂದಾಗಲೆಲ್ಲ ಈ ಮೂರೂ ಕಲಸಿಹೋಗಿ, ಯಾವುದಕ್ಕೆ ಹೆದರಬೇಕು, ಯಾವುದನ್ನು ನೋಡಿ ಸಂತೋಷಪಡಬೇಕು ಎಂಬುದೇ ತಿಳಿಯದಂತಾಗುತ್ತದೆ.

ಗಾತ್ರ ಚಿಕ್ಕದಾದಂತೆ ಸಂಖ್ಯೆ ಏರುವುದಕ್ಕೆ ಕಾರಣವಿದೆ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿ ಕ್ಷುದ್ರಗ್ರಹಗಳು ಕೋಟ್ಯಂತರ ವರ್ಷಗಳಿಂದ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ. ಒಂದೊಂದು ಡಿಕ್ಕಿಯಲ್ಲೂ ಕೆಲವೇ ದೊಡ್ಡ ತುಂಡು, ಲೆಕ್ಕವಿಲ್ಲದಷ್ಟು ಚೂರು, ಅದಕ್ಕಿಂತ ಹೆಚ್ಚು ಪುಡಿ ಹುಟ್ಟುತ್ತವೆ. ಬಿಸಿಲಿನ ತಾಪದಿಂದಾಗುವ ಸಣ್ಣ ತಳ್ಳಾಟವೂ ಗುರುಗ್ರಹದ ಸೆಳೆತವೂ ಸೇರಿ ಇವುಗಳಲ್ಲಿ ಕೆಲವನ್ನು ಸೂರ್ಯನ ಹತ್ತಿರದ ಕಕ್ಷೆಗಳಿಗೆ ತರುತ್ತವೆ. ಭೂಮಿಯ ದಾರಿಗೆ ಅಡ್ಡಬರುವವು ಇವೇ. ಇವುಗಳ ಜೊತೆಗೆ ಧೂಮಕೇತುಗಳು ಉದುರಿಸಿಹೋದ ಧೂಳೂ ಇರುತ್ತದೆ.

ಧೂಳಿನ ಲೆಕ್ಕವನ್ನು ಮೊದಲು ನೋಡಬಹುದು. ನಾಸಾ ಸಾಮಾನ್ಯವಾಗಿ ಕೊಡುವ ಅಂದಾಜಿನಂತೆ ದಿನಕ್ಕೆ ಸುಮಾರು 48 ಟನ್ ಉಲ್ಕಾದ್ರವ್ಯ ಭೂಮಿಯ ವಾತಾವರಣಕ್ಕೆ ಬಂದು ಸೇರುತ್ತದೆ. ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ; 5 ಟನ್ನಿನಿಂದ 300 ಟನ್ನಿನವರೆಗೂ ಹೇಳುವವರಿದ್ದಾರೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್, ಭೂಮಿಯದು ಸುಮಾರು 51 ಕೋಟಿ. ಆ ಪ್ರಮಾಣದಲ್ಲಿ ಹಂಚಿದರೆ ರಾಜ್ಯದ ಮೇಲಿನ ಆಕಾಶಕ್ಕೆ ದಿನಕ್ಕೆ 18 ಕಿಲೋದಷ್ಟು ಸಲ್ಲುತ್ತದೆ. ಇದರಲ್ಲಿ ಬಹುಭಾಗ ಎತ್ತರದಲ್ಲೇ ಆವಿಯಾಗುತ್ತದೆ. ಅಂಟಾರ್ಕ್ಟಿಕಾದ ಕಾಂಕಾರ್ಡಿಯಾ ನೆಲೆಯ ಬಳಿಯ ಹಿಮವನ್ನು ಕರಗಿಸಿ ಸೋಸಿದ ಫ್ರಾನ್ಸಿನ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸೂಕ್ಷ್ಮ ಕಣಗಳಾಗಿ ನೆಲ ತಲುಪುವುದು ಇಡೀ ಭೂಮಿಗೆ ವರ್ಷಕ್ಕೆ ಸುಮಾರು 5,200 ಟನ್.

ಈ ಕಣಗಳು ಊರಿನ ತಾರಸಿಗಳ ಮೇಲೂ ಬೀಳುತ್ತವೆ. ನಾರ್ವೆಯ ಸಂಗೀತಗಾರ ಯೋನ್ ಲಾರ್ಸೆನ್ ನಗರದ ಮಾಡುಗಳ ನೀರುದೋಣಿಗಳಲ್ಲಿ ನಿಂತ ಕೆಸರನ್ನು ಜಾಲಿಸಿ, ಅದರಲ್ಲಿ ಬಾಹ್ಯಾಕಾಶದ ಗೋಳಕಣಗಳಿರುವುದನ್ನು ವಿಜ್ಞಾನಿಗಳ ಜೊತೆಗೂಡಿ 2017ರಲ್ಲಿ ತೋರಿಸಿದರು. ಮೈಸೂರಿನ ಹೂಟಗಳ್ಳಿಯಂಥ ಜಾಗದಲ್ಲಿ ಈ ಕೆಲಸ ಇನ್ನಷ್ಟು ಕಷ್ಟ. ಇದು ಕೈಗಾರಿಕಾ ಪ್ರದೇಶ. ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ಕಿಡಿಗಳು ತಣ್ಣಗಾದ ಮೇಲೆ ಅವೂ ಅಷ್ಟೇ ಚಿಕ್ಕ, ಅಷ್ಟೇ ದುಂಡನೆಯ, ಅಯಸ್ಕಾಂತಕ್ಕೆ ಅಂಟುವ ಕರಿಗುಂಡುಗಳಾಗುತ್ತವೆ. ತಾರಸಿಯ ಮೇಲೆ ಅಯಸ್ಕಾಂತ ಓಡಿಸಿ ಸಿಕ್ಕಿದ್ದೆಲ್ಲ ಆಕಾಶದ್ದು ಎಂದು ಹೇಳುವ ವಿಡಿಯೊಗಳನ್ನು ಆದ್ದರಿಂದ ನಂಬುವಂತಿಲ್ಲ. ಸಿಕ್ಕಿದವುಗಳಲ್ಲಿ ಬಹುಪಾಲು ಕಾರ್ಖಾನೆಯವೇ ಆಗಿರುತ್ತವೆ. ಸೂಕ್ಷ್ಮದರ್ಶಕವೂ ರಾಸಾಯನಿಕ ಪರೀಕ್ಷೆಯೂ ಇಲ್ಲದೆ ಎರಡನ್ನೂ ಬೇರ್ಪಡಿಸಲಾಗದು.

ರಾತ್ರಿ ಗೆರೆ ಎಳೆದಂತೆ ಹೊಳೆದು ಮಾಯವಾಗುವ ಉಲ್ಕೆಗಳಲ್ಲಿ ಹೆಚ್ಚಿನವು ರಾಗಿ ಕಾಳಿನಷ್ಟು ದೊಡ್ಡವೂ ಇರುವುದಿಲ್ಲ. ಅವು ಬೆಳಗುವುದು ವೇಗದ ಬಲದಿಂದ. ಭೂಮಿಯ ಸೆಳೆತದಿಂದಾಗಿ ಯಾವ ವಸ್ತುವೂ ಸೆಕೆಂಡಿಗೆ 11 ಕಿಲೋಮೀಟರಿಗಿಂತ ನಿಧಾನವಾಗಿ ಬರಲಾರದು. ಎದುರಿನಿಂದ ಬರುವವುಗಳ ವೇಗ 72 ಕಿಲೋಮೀಟರಿನವರೆಗೂ ಇರುತ್ತದೆ. ಮುಂದಿನ ಗಾಳಿ ಪಕ್ಕಕ್ಕೆ ಸರಿಯಲು ಸಮಯವಿಲ್ಲದೆ ಒತ್ತಿಕೊಂಡು ಕಾಯುತ್ತದೆ, ಕಣ ಉರಿದು ಮುಗಿಯುತ್ತದೆ. ಆಗಸ್ಟ್ 12ರ ಸುಮಾರಿನ ಪರ್ಸೀಡ್ ಮತ್ತು ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾವೃಷ್ಟಿಗಳು ಇಂಥ ಕಣಗಳ ಹಾದಿಯನ್ನು ಭೂಮಿ ದಾಟುವಾಗ ಕಾಣುವಂಥವು. ಆಗಸ್ಟಿನಲ್ಲಿ ಕರ್ನಾಟಕದ ಬಹುಭಾಗಕ್ಕೆ ಮಳೆಮೋಡ ಅಡ್ಡಿ. ಡಿಸೆಂಬರಿನ ತಿಳಿಯಾದ ಆಕಾಶವೇ ನೋಡಲು ಒಳ್ಳೆಯದು. ಉಲ್ಕಾವೃಷ್ಟಿಯ ರಾತ್ರಿ ಕಲ್ಲು ಬೀಳುತ್ತದೆಂದು ಭಯಪಡುವುದಕ್ಕೆ ಆಧಾರವಿಲ್ಲ. ಈ ಕಣಗಳು ನೆಲದಿಂದ 80–100 ಕಿಲೋಮೀಟರ್ ಎತ್ತರದಲ್ಲೇ ಮುಗಿದುಹೋಗುತ್ತವೆ.

ನೆಲಕ್ಕೆ ಬೀಳುವ ಕಲ್ಲುಗಳ ಲೆಕ್ಕ ಬೇರೆ. ಬ್ರಿಟನ್ನಿನ ಸಂಶೋಧಕರು ಅಂಟಾರ್ಕ್ಟಿಕಾದ ಹಿಮದ ಮೇಲೆ ಸಿಕ್ಕ ಕಲ್ಲುಗಳನ್ನು ಆಧರಿಸಿ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 50 ಗ್ರಾಮಿಗಿಂತ ಹೆಚ್ಚು ತೂಕದ ಸುಮಾರು 17,000 ಉಲ್ಕಾಶಿಲೆಗಳು ಪ್ರತಿ ವರ್ಷ ಭೂಮಿಗೆ ಬೀಳುತ್ತವೆ. ಧ್ರುವ ಪ್ರದೇಶಗಳಿಗೆ ಹೋಲಿಸಿದರೆ ಭೂಮಧ್ಯರೇಖೆಯ ಹತ್ತಿರದಲ್ಲಿ ಈ ಪ್ರಮಾಣ ಹೆಚ್ಚು. ಹೀಗೆ ಬೀಳುವವುಗಳಲ್ಲಿ ಯಾರಾದರೂ ಕಣ್ಣಾರೆ ಕಂಡು, ಹುಡುಕಿ, ವಿಜ್ಞಾನಿಗಳ ಕೈಗೆ ಸೇರಿಸುವುದು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹತ್ತರ ಆಸುಪಾಸು ಮಾತ್ರ.

ಈ ಅಂಕಿಯನ್ನು ಊರಿಗೆ ಇಳಿಸಿ ನೋಡಬಹುದು. 51 ಕೋಟಿ ಚದರ ಕಿಲೋಮೀಟರಿಗೆ ವರ್ಷಕ್ಕೆ 17,000 ಕಲ್ಲು ಎಂದರೆ 30,000 ಚದರ ಕಿಲೋಮೀಟರಿಗೆ ಒಂದು. ಹೂಟಗಳ್ಳಿಯ ಬಡಾವಣೆಗಳು ಮತ್ತು ಕಾರ್ಖಾನೆಗಳ ನಡುವೆ ಹತ್ತು ಚದರ ಕಿಲೋಮೀಟರ್ ಗುರುತುಮಾಡಿಕೊಂಡರೆ, ಅದರೊಳಗೆ ಅಂಥ ಒಂದು ಕಲ್ಲು ಬೀಳಲು ಸರಾಸರಿ 3,000 ವರ್ಷ ಬೇಕು. ಹಾಗಾಗಿ ತಮ್ಮ ಬಡಾವಣೆಗೆ ಉಲ್ಕಾಶಿಲೆ ಬಿದ್ದೀತು ಎಂದು ಯಾರೂ ಕಾಯಬೇಕಾಗಿಲ್ಲ. ಇಡೀ ಕರ್ನಾಟಕಕ್ಕೆ ಇದೇ ಲೆಕ್ಕ ಹಾಕಿದರೆ ಉತ್ತರ ಬೇರೆಯೇ: ವರ್ಷಕ್ಕೆ ಆರು, ಅಥವಾ ಅದಕ್ಕಿಂತ ತುಸು ಹೆಚ್ಚು. ಎರಡು ತಿಂಗಳಿಗೊಂದರಂತೆ ರಾಜ್ಯದ ಯಾವುದೋ ಹೊಲಕ್ಕೆ, ಕೆರೆಗೆ, ಕಾಡಿಗೆ, ಕಾಫಿ ತೋಟಕ್ಕೆ ಬಾಹ್ಯಾಕಾಶದ ಕಲ್ಲು ಬಂದು ಬೀಳುತ್ತಲೇ ಇದೆ.

ದಾಖಲೆಯಲ್ಲಿರುವವು ಮಾತ್ರ ಬೆರಳೆಣಿಕೆಯಷ್ಟು. ಮೈಸೂರು ಸೀಮೆಯ ಮಟ್ಟಿಗೆ ಮುಖ್ಯವಾದದ್ದು ಮದ್ದೂರಿನದು. 1865ರ ಸೆಪ್ಟೆಂಬರ್ 21ರಂದು ಅಲ್ಲಿ ಬಿದ್ದ ಕಲ್ಲು, ಆಗಿನ ಇಂಗ್ಲಿಷ್ ಕಾಗುಣಿತದಂತೆ ‘ಮುದ್ದೂರ್’ ಎಂಬ ಹೆಸರಿನಲ್ಲಿ ಜಾಗತಿಕ ಉಲ್ಕಾಶಿಲೆಗಳ ಪಟ್ಟಿಯಲ್ಲಿದೆ. ಹೂಟಗಳ್ಳಿಯಿಂದ ಮದ್ದೂರು ನೇರ ಗೆರೆಯಲ್ಲಿ 60 ಕಿಲೋಮೀಟರಿನೊಳಗಿದೆ. ಕಬ್ಬಿಣದ ಅಂಶ ಕಡಿಮೆಯಿರುವ ‘ಎಲ್’ ಗುಂಪಿನ ಕಾಂಡ್ರೈಟ್ ಅದು. ಸೌರಮಂಡಲ ರೂಪುಗೊಳ್ಳುತ್ತಿದ್ದಾಗ, ಸುಮಾರು 456 ಕೋಟಿ ವರ್ಷಗಳ ಹಿಂದೆ, ಗಟ್ಟಿಯಾದ ಸಣ್ಣ ಗುಂಡುಗಳು ಇಂಥ ಕಲ್ಲುಗಳಲ್ಲಿ ಉಳಿದಿರುತ್ತವೆ. ಮರುವರ್ಷ, 1866ರ ಏಪ್ರಿಲಿನಲ್ಲಿ, ಉಡುಪಿಯಲ್ಲಿ ಮತ್ತೊಂದು ಕಲ್ಲು ಬಿತ್ತು. ಅದು ಕಬ್ಬಿಣ ಹೆಚ್ಚಿರುವ ‘ಎಚ್’ ಗುಂಪಿಗೆ ಸೇರಿದ್ದು. ಮದ್ದೂರಿನ ಘಟನೆಗೆ ಸುಮಾರು ಒಂದು ತಿಂಗಳು ಮೊದಲು, 1865ರ ಆಗಸ್ಟ್ 25ರಂದು, ಬಿಹಾರದ ಗಯಾ ಜಿಲ್ಲೆಯ ಶೇರ್‌ಘಾಟಿಯಲ್ಲಿ ಸುಮಾರು 5 ಕಿಲೋ ತೂಕದ ಕಲ್ಲೊಂದು ಬಿದ್ದಿತ್ತು. ಅದು ಮಂಗಳ ಗ್ರಹದಿಂದ ಸಿಡಿದುಬಂದದ್ದು ಎಂಬುದು ಶತಮಾನ ಕಳೆದ ಮೇಲೆ ತಿಳಿಯಿತು. ಆ ಬಗೆಯ ಮಂಗಳದ ಕಲ್ಲುಗಳಿಗೆಲ್ಲ ಇಂದು ‘ಶೆರ್ಗೊಟೈಟ್’ ಎಂದೇ ಹೆಸರು.

ಒಂದೇ ವರ್ಷದೊಳಗೆ ಇಷ್ಟು ದಾಖಲಾದದ್ದಕ್ಕೆ ಆಕಾಶ ಕಾರಣವಲ್ಲ, ಆಡಳಿತ ಕಾರಣ. 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಥಾಮಸ್ ಓಲ್ಡ್‌ಹ್ಯಾಮ್ ಮುಖ್ಯಸ್ಥರಾಗಿದ್ದ ಆ ಕಾಲದಲ್ಲಿ ಉಲ್ಕಾಶಿಲೆಗಳ ಸಂಗ್ರಹಕ್ಕೆ ಕೈಹಾಕಿತ್ತು. ಕಲ್ಲು ಬಿದ್ದ ಸುದ್ದಿ ಅಧಿಕಾರಿಗಳ ಮೂಲಕ ಕಲ್ಕತ್ತೆಗೆ ಹೋಗುತ್ತಿತ್ತು. ವರ್ಷಕ್ಕೆ ಆರರ ಲೆಕ್ಕ ಹಿಡಿದರೆ 1865ರಿಂದ ಇಲ್ಲಿಯವರೆಗೆ ಕರ್ನಾಟಕದ ನೆಲಕ್ಕೆ ಬಿದ್ದಿರಬೇಕಾದವು ಸಾವಿರದ ಹತ್ತಿರ. ಅವೆಲ್ಲ ಎಲ್ಲಿ ಹೋದವು? ಮಲೆನಾಡಿನ ಕಾಡಿಗೆ ಬಿದ್ದದ್ದನ್ನು ಹುಡುಕುವವರಿಲ್ಲ. ಬಯಲುಸೀಮೆಯ ಹೊಲದಲ್ಲಿ ಬಿದ್ದದ್ದು ಉಳುವಾಗ ಬದುವಿಗೆ ಎಸೆದ ಕಲ್ಲುಗಳ ಜೊತೆ ಸೇರಿಹೋಗುತ್ತದೆ. ಉಲ್ಕಾಶಿಲೆಯೊಳಗಿನ ಕಬ್ಬಿಣ ಮಳೆಗೆ ತುಕ್ಕು ಹಿಡಿಯುವುದರಿಂದ ಕೆಲವು ಮಳೆಗಾಲ ಕಳೆದರೆ ಹೊರಮೈಯ ಗುರುತೂ ಅಳಿಯುತ್ತದೆ. ಮರಳುಗಾಡಿನ ರಾಜಸ್ಥಾನದಲ್ಲಿ ಈಚಿನ ದಶಕಗಳಲ್ಲಿ ಹಲವು ಕಲ್ಲುಗಳು ಸಿಕ್ಕಿವೆ. ಜೈಪುರದ ಹತ್ತಿರದ ಮುಕುಂದಪುರದಲ್ಲಿ 2017ರ ಜೂನ್ 6ರಂದು ಬಿದ್ದ ಇಂಗಾಲಯುಕ್ತ ಕಲ್ಲು ಅವುಗಳಲ್ಲಿ ಬಹಳ ಅಪರೂಪದ್ದು. ಅಲ್ಲಿ ಬಯಲಿದೆ, ಮಳೆ ಕಡಿಮೆ, ಕಪ್ಪು ಕಲ್ಲು ಕಣ್ಣಿಗೆ ಬೀಳುತ್ತದೆ, ವ್ಯತ್ಯಾಸ ಇಷ್ಟೇ.

ಸಿಕ್ಕಿತು ಎಂದು ಜನ ತರುವ ಕಲ್ಲುಗಳಲ್ಲಿ ಬಹುಪಾಲು ಉಲ್ಕಾಶಿಲೆಗಳಲ್ಲ. ಮೈಸೂರು ಸೀಮೆಯಲ್ಲಿ ಇದಕ್ಕೆ ವಿಶೇಷ ಕಾರಣವುಂಟು. ಹಳೆಯ ಕಾಲದಲ್ಲಿ ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವುಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವುಗಳ ಕಿಟ್ಟ ಇಂದಿಗೂ ಹೊಲಗಳಲ್ಲಿ ಸಿಗುತ್ತದೆ. ಕೈಗಾರಿಕಾ ಪ್ರದೇಶಗಳ ಸುತ್ತ ಎರಕದ ಮನೆಗಳ ಹೊಸ ಕಿಟ್ಟವೂ ಉಂಟು. ಅದೂ ಕಪ್ಪು, ಭಾರ, ಕೆಲವೊಮ್ಮೆ ಅಯಸ್ಕಾಂತಕ್ಕೆ ಅಂಟುತ್ತದೆ. ಕಿಟ್ಟಕ್ಕೂ ಉಲ್ಕಾಶಿಲೆಗೂ ಇರುವ ವ್ಯತ್ಯಾಸ ಮೇಲ್ಮೈಯಲ್ಲಿ ಕಾಣುತ್ತದೆ. ಕಿಟ್ಟದ ತುಂಬ ಗಾಳಿಗುಳ್ಳೆಯ ತೂತುಗಳಿರುತ್ತವೆ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಅಂಥ ತೂತಿಲ್ಲ. ಹೊರಗೆ ಕರಗಿ ಗಟ್ಟಿಯಾದ ತೆಳುವಾದ ಕಪ್ಪು ಪದರ, ಮುರಿದರೆ ಒಳಗೆ ಸಾಮಾನ್ಯವಾಗಿ ಬೂದುಬಣ್ಣ ಮತ್ತು ಅಲ್ಲಲ್ಲಿ ಹೊಳೆಯುವ ಲೋಹದ ಚುಕ್ಕಿ. ಆ ಲೋಹದಲ್ಲಿ ನಿಕಲ್ ಇದೆಯೇ ಎಂಬುದು ಪ್ರಯೋಗಾಲಯ ನೋಡುವ ಮುಖ್ಯ ಪರೀಕ್ಷೆ.

ಆಕಾಶದಿಂದ ಬಿದ್ದ ಕಲ್ಲು ಕೆಂಡದಂತೆ ಸುಡುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಚಿಕ್ಕ ಕಲ್ಲುಗಳು ನೆಲದಿಂದ 15–20 ಕಿಲೋಮೀಟರ್ ಎತ್ತರದಲ್ಲಿರುವಾಗಲೇ ತಮ್ಮ ಮೂಲ ವೇಗವನ್ನೆಲ್ಲ ಕಳೆದುಕೊಂಡು ಬೆಳಕು ಆರಿಹೋಗಿರುತ್ತವೆ. ಅಲ್ಲಿಂದ ಮುಂದೆ ಮಾಮೂಲಿ ಕಲ್ಲಿನಂತೆ ಗಂಟೆಗೆ ಕೆಲವು ನೂರು ಕಿಲೋಮೀಟರ್ ವೇಗದಲ್ಲಿ ಕತ್ತಲಲ್ಲೇ ಇಳಿಯುತ್ತವೆ. ಉರಿದದ್ದು ಹೊರಮೈ ಮಾತ್ರ, ಅದೂ ಕೆಲವೇ ಸೆಕೆಂಡು; ಒಳಗೆ ಬಾಹ್ಯಾಕಾಶದ ಚಳಿ ಹಾಗೇ ಇರುತ್ತದೆ. ಬಿದ್ದ ಜಾಗದಲ್ಲಿ ಹುಲ್ಲಿಗೆ ಬೆಂಕಿ ಹತ್ತಿತು ಎಂಬ ಸುದ್ದಿ ಕೇಳಿದಾಗ ಬೇರೆ ಕಾರಣ ಹುಡುಕುವುದು ಒಳಿತು.

ಇನ್ನು ಮೀಟರುಗಳಲ್ಲಿ ಅಳೆಯುವ ಬಂಡೆಗಳು. ಒಂದು ಮೀಟರಿನಷ್ಟು ದೊಡ್ಡವು ವರ್ಷಕ್ಕೆ ಹತ್ತಾರು ಬಂದು ವಾತಾವರಣದಲ್ಲಿ ಸಿಡಿಯುತ್ತವೆ. ನಾಲ್ಕು ಮೀಟರಿನ ಸುಮಾರಿನದು ವರ್ಷಕ್ಕೊಂದು. ಇದು ತಿಳಿದದ್ದು ಅಣುಸ್ಫೋಟಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಬಿಟ್ಟ ಉಪಗ್ರಹಗಳಿಂದ. ಆ ದತ್ತಾಂಶದಿಂದ ನಾಸಾ 2014ರಲ್ಲಿ ಬಿಡುಗಡೆ ಮಾಡಿದ ನಕ್ಷೆಯಲ್ಲಿ 1994ರಿಂದ 2013ರವರೆಗಿನ 20 ವರ್ಷಗಳ 556 ಇಂಥ ಸಿಡಿತಗಳು ಗುರುತಾಗಿದ್ದವು. ನಕ್ಷೆಯ ತುಂಬ ಚುಕ್ಕಿಗಳು ಸಮನಾಗಿ ಹರಡಿದ್ದವು. ಯಾವ ದೇಶಕ್ಕೂ ರಿಯಾಯಿತಿ ಇರಲಿಲ್ಲ. ಭೂಮಿಯ ಶೇಕಡ 71 ಭಾಗ ಸಮುದ್ರವಾದ್ದರಿಂದ ಹೆಚ್ಚಿನವನ್ನು ಯಾರೂ ನೋಡಿರಲಿಲ್ಲ. 2018ರ ಡಿಸೆಂಬರ್ 18ರಂದು ಬೇರಿಂಗ್ ಸಮುದ್ರದ ಮೇಲೆ ಹಿರೋಶಿಮಾ ಬಾಂಬಿನ ಹತ್ತು ಪಟ್ಟಿಗೂ ಮೀರಿದ ಶಕ್ತಿಯ ಸಿಡಿತವಾದದ್ದು ಲೋಕಕ್ಕೆ ಸುದ್ದಿಯಾದದ್ದು ಮರುವರ್ಷ.

ಜನವಸತಿಯ ಮೇಲೆ ಆದಾಗ ಏನಾಗುತ್ತದೆ ಎಂಬುದನ್ನು ರಷ್ಯಾದ ಚೆಲ್ಯಾಬಿನ್ಸ್ಕ್ ತೋರಿಸಿತು. 2013ರ ಫೆಬ್ರುವರಿ 15ರ ಬೆಳಗ್ಗೆ ಸುಮಾರು 20 ಮೀಟರಿನ ಬಂಡೆ ಸೆಕೆಂಡಿಗೆ 19 ಕಿಲೋಮೀಟರ್ ವೇಗದಲ್ಲಿ ಬಂದು 30 ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು. ಶಕ್ತಿ ಹಿರೋಶಿಮಾದ ಸುಮಾರು 30 ಪಟ್ಟು. ಗಾಯಗೊಂಡವರು 1,500ರ ಹತ್ತಿರ. ಹೆಚ್ಚಿನವರಿಗೆ ತಗುಲಿದ್ದು ಒಡೆದ ಕಿಟಕಿಯ ಗಾಜು. ಕಣ್ಣು ಕೋರೈಸುವ ಬೆಳಕು ಕಂಡು ಏನೆಂದು ನೋಡಲು ಅವರು ಕಿಟಕಿಗೆ ಬಂದಿದ್ದರು. ಆಘಾತದ ಅಲೆ ಒಂದೆರಡು ನಿಮಿಷ ತಡವಾಗಿ ಬಂತು. ಶಬ್ದ ಬೆಳಕಿಗಿಂತ ನಿಧಾನ ಎಂಬ ಶಾಲಾಪಾಠ ನೆನಪಿದ್ದಿದ್ದರೆ ಎಷ್ಟೋ ಗಾಯ ತಪ್ಪುತ್ತಿತ್ತು. ಈ ಗಾತ್ರದ ಬಂಡೆ ಸರಾಸರಿ 50ರಿಂದ 100 ವರ್ಷಕ್ಕೊಮ್ಮೆ ಬರುತ್ತದೆ.

ಅದಕ್ಕೆ ಮೇಲಿನ ಹಂತದ್ದು ಸೈಬೀರಿಯಾದ ತುಂಗುಸ್ಕಾ. 1908ರ ಜೂನ್ 30ರಂದು 50-60 ಮೀಟರಿನದೆಂದು ಅಂದಾಜಿಸಲಾದ ವಸ್ತು ನೆಲದಿಂದ 5–10 ಕಿಲೋಮೀಟರ್ ಮೇಲೆ ಸಿಡಿದು 2,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡನ್ನು ಮಲಗಿಸಿತು. ಮೈಸೂರು ಜಿಲ್ಲೆಯ ಸುಮಾರು ಮೂರನೆಯ ಒಂದು ಭಾಗದಷ್ಟು ನೆಲ ಅದು. ಕುಳಿ ಬೀಳಲಿಲ್ಲ, ಏಕೆಂದರೆ ಬಂಡೆ ನೆಲ ಮುಟ್ಟಲೇ ಇಲ್ಲ. ಇಂಥದ್ದು ಕೆಲವು ಶತಮಾನಗಳಿಂದ ಸಾವಿರ ವರ್ಷದೊಳಗೆ ಒಮ್ಮೆ ನಡೆಯುತ್ತದೆ ಎಂಬುದು ಅಂದಾಜು. ತುಂಗುಸ್ಕಾದ ನೆನಪಿಗೆ ವಿಶ್ವಸಂಸ್ಥೆ ಜೂನ್ 30ನ್ನು ಕ್ಷುದ್ರಗ್ರಹ ದಿನವೆಂದು ಘೋಷಿಸಿದೆ.

ನೆಲಕ್ಕೆ ಬಡಿದು ಕುಳಿ ತೋಡುವುದು ಇನ್ನೂ ಗಟ್ಟಿಯಾದ ಅಥವಾ ದೊಡ್ಡದಾದ ವಸ್ತು. ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್; ಬೀದರಿನಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್. 1.8 ಕಿಲೋಮೀಟರ್ ಅಗಲದ ಆ ಕುಳಿಯಲ್ಲೀಗ ಉಪ್ಪುನೀರಿನ ಕೆರೆಯಿದೆ. ಅದರ ವಯಸ್ಸು 50,000 ವರ್ಷವೆಂದು ಮೊದಲು ಹೇಳುತ್ತಿದ್ದರು. ಆರ್ಗಾನ್ ವಿಧಾನದ ಕಾಲಮಾಪನ 5.7 ಲಕ್ಷ ವರ್ಷದ ಸುಮಾರು ಎಂದಿತು. ಕಪ್ಪುಶಿಲೆಯಲ್ಲಿ, ಅಂದರೆ ಬಸಾಲ್ಟಿನಲ್ಲಿ, ಮೂಡಿದ ಕುಳಿಗಳು ಭೂಮಿಯಲ್ಲಿ ಬಹಳ ಕಡಿಮೆ. ಚಂದ್ರ ಮತ್ತು ಮಂಗಳದ ಕುಳಿಗಳನ್ನು ಅರಿಯಲು ವಿಜ್ಞಾನಿಗಳು ಲೋಣಾರಿಗೆ ಬರುವುದು ಇದೇ ಕಾರಣಕ್ಕೆ. ಕರ್ನಾಟಕದ ಧಾರವಾಡ ಶಿಲಾಸಮೂಹದ ಕೆಲವು ಭಾಗಗಳಿಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಅಷ್ಟು ಕಾಲದಲ್ಲಿ ಈ ನೆಲಕ್ಕೆ ದೊಡ್ಡ ಪೆಟ್ಟುಗಳು ಬಿದ್ದಿಲ್ಲವೆನ್ನಲಾಗದು. ಆದರೆ ಗಾಳಿಮಳೆಗಳು ಮೇಲ್ಪದರವನ್ನೆಲ್ಲ ಸವೆಸಿಹಾಕಿವೆ. ಇಡೀ ಭೂಮಿಯಲ್ಲಿ ಖಚಿತಪಟ್ಟ ಕುಳಿಗಳು ಇನ್ನೂರರ ಆಸುಪಾಸು ಮಾತ್ರ. ಗಾಳಿ, ನೀರು ಇಲ್ಲದ ಚಂದ್ರನಲ್ಲಿ ಅವು ಲಕ್ಷಗಟ್ಟಲೆ ಉಳಿದಿವೆ.

ದೊಡ್ಡ ಡಿಕ್ಕಿಗಳ ನಡುವಿನ ಕಾಲ ಮನುಷ್ಯನ ಚರಿತ್ರೆಯನ್ನು ಮೀರುತ್ತದೆ. 140 ಮೀಟರಿನ ವಸ್ತುವಿಗೆ ಹತ್ತಿಪ್ಪತ್ತು ಸಾವಿರ ವರ್ಷ, ಒಂದು ಕಿಲೋಮೀಟರಿನದಕ್ಕೆ ಲಕ್ಷಗಟ್ಟಲೆ ವರ್ಷ. ಹತ್ತು ಕಿಲೋಮೀಟರಿನದು ಹತ್ತು ಕೋಟಿ ವರ್ಷಕ್ಕೊಂದು ಬಂದರೂ ಹೆಚ್ಚೇ. ಕೊನೆಯದಾಗಿ ಅಂಥದ್ದು ಬಡಿದದ್ದು 6.6 ಕೋಟಿ ವರ್ಷಗಳ ಹಿಂದೆ, ಮೆಕ್ಸಿಕೊದ ಚಿಕ್ಸುಲುಬ್‌ನಲ್ಲಿ. ಹಕ್ಕಿಗಳಲ್ಲದ ಡೈನೊಸಾರ್‌ಗಳೆಲ್ಲ ಅಳಿದದ್ದು ಆಗಲೇ. ಅದೇ ಯುಗದಲ್ಲಿ ದಖ್ಖನ್ನಿನ ಲಾವಾ ಹರಿಯುತ್ತಿತ್ತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಎರೆಮಣ್ಣಿನ ಅಡಿಯಲ್ಲಿರುವುದು ಆ ಲಾವಾದ ಶಿಲೆಯೇ. ಅಳಿವಿನಲ್ಲಿ ಅದರ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನೂರು ವರ್ಷಕ್ಕೊಮ್ಮೆ ಎಂಬ ಮಾತನ್ನು ಜನ ಹೆಚ್ಚಾಗಿ ತಪ್ಪಾಗಿ ತಿಳಿಯುತ್ತಾರೆ. ಚೆಲ್ಯಾಬಿನ್ಸ್ಕ್ 2013ರಲ್ಲಿ ಆಯಿತು, ಇನ್ನು 2113ರವರೆಗೆ ಚಿಂತೆಯಿಲ್ಲ ಎಂಬುದು ಅದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ನಡೆಯುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ ಅರ್ಥ. ಹಿಂದಿನ ಡಿಕ್ಕಿ ಯಾವಾಗ ಆಯಿತು ಎಂಬುದರ ಲೆಕ್ಕ ಮುಂದಿನ ಬಂಡೆಗೆ ಇಲ್ಲ. ಅವಧಿ ಮುಗಿದಿದೆ, ಇನ್ನೇನು ಬಂದೇಬಿಡುತ್ತದೆ ಎಂಬ ಭವಿಷ್ಯವಾಣಿಗಳೂ ಇದೇ ಕಾರಣಕ್ಕೆ ಟೊಳ್ಳು.

ಬರುವುದನ್ನು ಮೊದಲೇ ಕಾಣುವ ಕೆಲಸ ಕಳೆದ 30 ವರ್ಷಗಳಲ್ಲಿ ಬಹಳ ಮುಂದುವರಿದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ 1988ರ ಫೆಬ್ರುವರಿ 17ರಂದು ಒಂದು ಕ್ಷುದ್ರಗ್ರಹವನ್ನು ಗುರುತಿಸಿದರು. ಅದಕ್ಕೆ 4130 ರಾಮಾನುಜನ್ ಎಂದು ಹೆಸರಾಯಿತು. ಅದು ಮಂಗಳ–ಗುರು ನಡುವಿನ ಪಟ್ಟಿಯದು, ಭೂಮಿಗೆ ಅಪಾಯವಿಲ್ಲ. ಆಗ ಫೋಟೊ ಫಲಕಗಳ ಮೇಲೆ ಕಣ್ಣಿಟ್ಟು ಮಾಡುತ್ತಿದ್ದ ಹುಡುಕಾಟವನ್ನು ಈಗ ಅರಿಜೋನಾ, ಹವಾಯಿ, ಚಿಲಿಗಳ ಸ್ವಯಂಚಾಲಿತ ದೂರದರ್ಶಕಗಳು ರಾತ್ರಿಯಿಡೀ ಮಾಡುತ್ತವೆ. ಒಂದು ಕಿಲೋಮೀಟರಿಗಿಂತ ದೊಡ್ಡದಾಗಿ ಭೂಮಿಯ ಸಮೀಪ ಸುಳಿಯುವವುಗಳಲ್ಲಿ ಶೇಕಡ 95ಕ್ಕೂ ಹೆಚ್ಚು ಪತ್ತೆಯಾಗಿವೆ. ಮುಂದಿನ ನೂರು ವರ್ಷದಲ್ಲಿ ಅವುಗಳಲ್ಲಿ ಯಾವುದೂ ಭೂಮಿಗೆ ಬಡಿಯುವ ಹಾದಿಯಲ್ಲಿಲ್ಲ. 140 ಮೀಟರಿಗಿಂತ ದೊಡ್ಡವು ಸುಮಾರು 25,000 ಇರಬೇಕೆಂಬ ಅಂದಾಜಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಸಿಕ್ಕಿವೆ. ಚಿಂತೆಯ ಜಾಗ ಇದು: ಊರೊಂದನ್ನು ಅಳಿಸುವಷ್ಟು ದೊಡ್ಡವು, ಪಟ್ಟಿಗೆ ಸಿಗದಷ್ಟು ಚಿಕ್ಕವು. ಡೈನೊಸಾರ್‌ಗಳನ್ನು ಅಳಿಸಿದಂಥ ಬಂಡೆಯ ಬಗ್ಗೆ ಸಿನಿಮಾ ಮಾಡುವುದು ಸುಲಭ. ಹಣ ಮತ್ತು ದೂರದರ್ಶಕ ಬೇಕಾಗಿರುವುದು ಈ ನಡುಗಾತ್ರದವುಗಳಿಗೆ.

ಭೂಮಿಗೆ ತಗಲುವ ಮೊದಲೇ ಕಣ್ಣಿಗೆ ಬಿದ್ದ ಮೊದಲ ಬಂಡೆ 2008 ಟಿಸಿ3. 2008ರ ಅಕ್ಟೋಬರ್ 6ರಂದು ಅರಿಜೋನಾದಿಂದ ಕಂಡ ಅದು ಒಂದು ದಿನ ಕಳೆಯುವುದರೊಳಗೆ ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು, ಚೂರುಗಳೂ ಸಿಕ್ಕವು. 2024ರ ಕೊನೆಗೆ ಇಂಥ ಮುನ್ಸೂಚಿತ ಡಿಕ್ಕಿಗಳ ಸಂಖ್ಯೆ 11ಕ್ಕೆ ಏರಿತು. ಚೆಲ್ಯಾಬಿನ್ಸ್ಕ್‌ನ ಬಂಡೆ ಯಾರಿಗೂ ಕಾಣದೆ ಬಂದದ್ದು ಸೂರ್ಯನ ದಿಕ್ಕಿನಿಂದ ಬಂದದ್ದರಿಂದ. ನೆಲದ ಮೇಲಿನ ದೂರದರ್ಶಕಗಳಿಗೆ ಆ ದಿಕ್ಕು ಇಂದಿಗೂ ಕುರುಡು.

2025ರ ಆರಂಭದಲ್ಲಿ ಕನ್ನಡ ವಾಹಿನಿಗಳಲ್ಲೂ ಸದ್ದು ಮಾಡಿದ 2024 ವೈಆರ್4 ಈ ನಡುಗಾತ್ರದ್ದೇ, ಸುಮಾರು 60 ಮೀಟರ್. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರುವರಿ 18ರಂದು ಶೇಕಡ 3.1ಕ್ಕೆ ಏರಿತ್ತು. ಬಡಿದರೆ ಬೀಳಬಹುದಾದ ಪಟ್ಟಿ ಪೆಸಿಫಿಕ್‌ನಿಂದ ಆಫ್ರಿಕಾ, ಅರಬ್ಬೀ ಸಮುದ್ರ ದಾಟಿ ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ಒಂದೇ ವಾರದಲ್ಲಿ ಆ ಸಾಧ್ಯತೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ವಿಜ್ಞಾನಿಗಳು ಮಾತು ಬದಲಿಸಿದರು ಎಂದು ಕೆಲವರು ಹಂಗಿಸಿದರು. ನಡೆದದ್ದು ಇಷ್ಟು: ಮೊದಲ ದಿನಗಳಲ್ಲಿ ಕಕ್ಷೆ ನಿಖರವಾಗಿ ತಿಳಿದಿರುವುದಿಲ್ಲ, ಬಂಡೆ ಇರಬಹುದಾದ ಜಾಗ ಲಕ್ಷಾಂತರ ಕಿಲೋಮೀಟರ್ ಉದ್ದದ ಗೆರೆ. ಹೊಸ ವೀಕ್ಷಣೆ ಬಂದಂತೆ ಗೆರೆ ಗಿಡ್ಡವಾಗುತ್ತದೆ. ಭೂಮಿ ಆ ಗೆರೆಯೊಳಗೆ ಇರುವವರೆಗೂ ಅದರ ಪಾಲಿನ ಶೇಕಡಾವಾರು ಏರುತ್ತಲೇ ಹೋಗುತ್ತದೆ. ಗೆರೆಯ ತುದಿ ಭೂಮಿಯನ್ನು ಬಿಟ್ಟು ಸರಿದ ಕೂಡಲೇ ಕುಸಿಯುತ್ತದೆ. ಮುಂದಿನ ಸಲವೂ ಹೀಗೇ ಏರಿ ಇಳಿಯುವ ಸಂಭವವೇ ಹೆಚ್ಚು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬಹುದು.

ನಿಜವಾಗಿಯೂ ಬಡಿಯುವುದಾದರೆ ಹತ್ತಾರು ವರ್ಷ ಮೊದಲೇ ತಿಳಿದಿರಬೇಕು. ಆಗ ಸ್ವಲ್ಪ ತಳ್ಳಿದರೂ ಸಾಕು. ನಾಸಾದ ಡಾರ್ಟ್ ನೌಕೆ 2022ರ ಸೆಪ್ಟೆಂಬರ್ 26ರಂದು 160 ಮೀಟರಿನ ಡೈಮಾರ್ಫಸ್ ಎಂಬ ಪುಟ್ಟ ಜೊತೆಬಂಡೆಗೆ ಬೇಕೆಂದೇ ಗುದ್ದಿತು. ಅದು ತನ್ನ ದೊಡ್ಡಬಂಡೆಯನ್ನು ಸುತ್ತುವ ಅವಧಿ 32 ನಿಮಿಷದಷ್ಟು ಕಡಿಮೆಯಾಯಿತು. 2029ರ ಏಪ್ರಿಲ್ 13ರಂದು 340 ಮೀಟರಿನ ಸುಮಾರಿನ ಅಪೊಫಿಸ್ ಭೂಮಿಯಿಂದ 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ; ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳಿಗಿಂತಲೂ ಹತ್ತಿರ. ಅದು ಬಡಿಯುವುದಿಲ್ಲ ಎಂಬುದು ಖಚಿತವಾಗಿದೆ. ಆ ವರ್ಷವನ್ನು ವಿಶ್ವಸಂಸ್ಥೆ ಕ್ಷುದ್ರಗ್ರಹಗಳ ಅರಿವಿನ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ.

ಮನುಷ್ಯನೇ ಮೇಲೆ ಕಳಿಸಿದವೂ ಕೆಳಗೆ ಬೀಳುತ್ತವೆ. 1979ರ ಜುಲೈ 11ರಂದು ಅಮೆರಿಕದ ಸ್ಕೈಲ್ಯಾಬ್ ಬೀಳುವ ಮುನ್ನ ಭಾರತದ ಹಳ್ಳಿಹಳ್ಳಿಯಲ್ಲೂ ಭಯ ಹಬ್ಬಿತ್ತು. ಅದರ ತುಂಡುಗಳು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದಲ್ಲಿ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದಲ್ಲಿ ಕಂಡ ಬೆಂಕಿಯ ಸಾಲನ್ನು ಜನ ಉಲ್ಕೆಯೆಂದುಕೊಂಡರು. ಚಂದ್ರಪುರ ಜಿಲ್ಲೆಯಲ್ಲಿ ಸಿಕ್ಕದ್ದು ಚೀನೀ ರಾಕೆಟ್ಟಿನದೆಂದು ಗುರುತಿಸಲಾದ ಲೋಹದ ಬಳೆ. ಎರಡನ್ನೂ ಗುರುತಿಸಲು ಸುಲಭ ದಾರಿಯಿದೆ. ಉಲ್ಕೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ರಾಕೆಟ್ ಅವಶೇಷ ನಿಧಾನವಾಗಿ, ಹಲವು ತುಂಡಾಗಿ, ಒಂದು ನಿಮಿಷದವರೆಗೂ ಆಕಾಶವನ್ನು ದಾಟುತ್ತದೆ.

ಜೀವಹಾನಿಯ ಲೆಕ್ಕ ಚಿಕ್ಕದು. ಉಲ್ಕಾಶಿಲೆ ನೇರವಾಗಿ ತಗುಲಿ ಗಾಯವಾದದ್ದರಲ್ಲಿ ಚೆನ್ನಾಗಿ ದಾಖಲಾದದ್ದು 1954ರ ನವೆಂಬರ್ 30ರಂದು, ಅಮೆರಿಕದ ಅಲಬಾಮಾದಲ್ಲಿ ಮನೆಯೊಳಗೆ ಮಲಗಿದ್ದ ಮಹಿಳೆಗೆ. 2016ರ ಫೆಬ್ರುವರಿಯಲ್ಲಿ ತಮಿಳುನಾಡಿನ ವೆಲ್ಲೂರು ಜಿಲ್ಲೆಯ ಕಾಲೇಜೊಂದರಲ್ಲಿ ಒಬ್ಬರು ಸತ್ತಾಗ ಅದು ಉಲ್ಕೆಯಿಂದ ಎಂದು ಅಲ್ಲಿನ ಸರ್ಕಾರ ಹೇಳಿತು. ಚಿತ್ರಗಳನ್ನು ನೋಡಿದ ನಾಸಾ ತಜ್ಞರು ಅದು ನೆಲದ ಮೇಲೇ ಆದ ಸ್ಫೋಟದಂತಿದೆ ಎಂದರು. ರಸ್ತೆ ದಾಟುವಾಗಿನ ಅಪಾಯದ ಮುಂದೆ ಆಕಾಶದ ಅಪಾಯ ಲೆಕ್ಕಕ್ಕೇ ಬಾರದು.

ಕರ್ನಾಟಕಕ್ಕೆ ಕೊರತೆಯಿರುವುದು ಬೀಳುವ ಕಲ್ಲುಗಳದಲ್ಲ, ಅವನ್ನು ಗಮನಿಸುವ ಕಣ್ಣುಗಳದು. ಭಾರತದಲ್ಲಿ ಬೀಳುವ ಉಲ್ಕಾಶಿಲೆಗಳನ್ನು ಕಾಪಿಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯದು. ಅದರ ರಾಜ್ಯ ಕಚೇರಿ ಬೆಂಗಳೂರಿನಲ್ಲಿದೆ. ಆಕಾಶದಲ್ಲಿ ಬೆಂಕಿಯುಂಡೆ ಕಂಡವರು ಹೊತ್ತು, ದಿಕ್ಕು, ಎಷ್ಟು ಸೆಕೆಂಡು ಇತ್ತು ಎಂಬುದನ್ನು ಕೂಡಲೇ ಬರೆದಿಟ್ಟುಕೊಳ್ಳಬೇಕು, ಕಿಟಕಿಯ ಗಾಜಿನಿಂದ ದೂರ ಸರಿಯಬೇಕು. ಕಲ್ಲು ಬಿದ್ದದ್ದು ಸಿಕ್ಕರೆ ಇದ್ದ ಜಾಗದಲ್ಲೇ ಫೋಟೊ ತೆಗೆದು, ತೊಳೆಯದೆ, ಒಡೆಯದೆ, ಅರಿಶಿನ ಕುಂಕುಮ ಹಚ್ಚದೆ, ಬರಿಗೈಯಲ್ಲಿ ಮುಟ್ಟದೆ ಒಣಗಿದ ಸ್ವಚ್ಛ ಚೀಲದಲ್ಲಿಟ್ಟು ತಹಶೀಲ್ದಾರರಿಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಬೇಕು. ಮೈಸೂರಿನವರಿಗೆ ಆ ವಿಭಾಗ ಮಾನಸಗಂಗೋತ್ರಿಯಲ್ಲೇ ಇದೆ.